‘ಬೋರಿಗೆ ಬಂದೈತೆ’ ಅನ್ನೋ ಮುಂಚೆ

ನಮ್ಮ ಅರಸೀಕೆರೆ ಕಡೆ ಹಳೇ ಕಾರಿನ ಸೈಲೆನ್ಸರ್‌ನಲ್ಲಿ ಒಂಚೂರು ನೀಲಿ ಹೊಗೆ ಕಂಡರೆ ಸಾಕು, ತೀರ್ಪು ರೆಡಿ ಇರುತ್ತೆ: “ಇಂಜಿನ್ ಬೋರಿಗೆ ಬಂದೈತೆ.” ಟೀ ಅಂಗಡಿ ಮುಂದೆ ನಿಂತವರು ಹೇಳ್ತಾರೆ, ಪಂಕ್ಚರ್ ಹಾಕೋರು ಹೇಳ್ತಾರೆ, ಕೊನೆಗೆ ಗ್ಯಾರೇಜಿನಲ್ಲೂ ಅದನ್ನೇ ಹೇಳ್ತಾರೆ. ಅಲ್ಲಿಂದ ಮುಂದೆ ಇಂಜಿನ್ ಇಳಿಸೋದು, ಬ್ಲಾಕ್ ಹೊತ್ಕೊಂಡು ಲೇತ್‌ಗೆ ಹೋಗೋದು, ಬೋರ್ ಮಾಡಿಸೋದು, ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಬೇರಿಂಗ್. ಹತ್ತಾರು ಸಾವಿರ ಖರ್ಚು, ವಾರಗಟ್ಟಲೆ ಗಾಡಿ ಇಲ್ಲ. ಇಷ್ಟೆಲ್ಲ ಮುಗಿಯೋ ತನಕ ಯಾರೂ ಕೇಳದೇ ಉಳಿಯೋ ಪ್ರಶ್ನೆ ಒಂದಿದೆ: ಆ ಇಂಜಿನ್ ಸಾವಿರ ಕಿಲೋಮೀಟರಿಗೆ ಎಷ್ಟು ಆಯಿಲ್ ತಿಂತಿತ್ತು?

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಇಂಜಿನ್ ಬಿಚ್ಚಬಾರದು ಅನ್ನೋದು ನನ್ನ ವಾದ. ಇದನ್ನ ಮೆಕ್ಯಾನಿಕ್‌ಗಳ ಮೇಲೆ ದೂರು ಅಂತ ಓದಬೇಡಿ. ಒಬ್ಬ ಮೆಕ್ಯಾನಿಕ್ ಎರಡು ಗಂಟೆ ಕೂತು ಪ್ಲಗ್ ಬಿಚ್ಚಿ, ಗೇಜ್ ಹಾಕಿ, ನೋಡಿ, “ಬೋರ್ ಚೆನ್ನಾಗೈತೆ, ಏನೂ ಮಾಡಿಸ್ಬೇಡಿ” ಅಂದರೆ ಅವರಿಗೆ ಏನು ಸಿಗುತ್ತೆ? “ನೋಡಿದ್ದಕ್ಕೂ ದುಡ್ಡಾ ಅಣ್ಣ?” ಅಂತ ಕೇಳಿ ಗಿರಾಕಿ ಕಾರು ತಗೊಂಡು ಹೋಗ್ತಾನೆ. ಅದೇ ಇಂಜಿನ್ ಇಳಿಸಿದರೆ ಅವರ ಒಂದು ವಾರದ ಕೂಲಿ ಹುಟ್ಟುತ್ತೆ. ಪರೀಕ್ಷೆಗೆ ದುಡ್ಡು ಕೊಡೋ ಅಭ್ಯಾಸ ನಮ್ಮ ಊರುಗಳಲ್ಲಿ ಬೆಳೆದಿಲ್ಲ, ಹಾಗಾಗಿ ಆಪರೇಷನ್ನಿಗೆ ದುಡ್ಡು ಕೊಡ್ತಾ ಇದ್ದೀವಿ. ಇಡೀ ಸಮಸ್ಯೆ ಇರೋದು ಇಲ್ಲೇ.

ಹಳೇ ಗಾಡಿ ಅಂದ್ರೆ ಯಾರ ಗಾಡಿ?

ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ಜಾತ್ರೆಗೆ ಹೋದವರಿಗೆ ಗೊತ್ತು. ಜನ ಮೆಟ್ಟಿಲು ಹತ್ತಿ ವೆಂಕಟರಮಣನ ದರ್ಶನಕ್ಕೆ ಹೋದ ಮೇಲೆ ಬೆಟ್ಟದ ಬುಡದಲ್ಲಿ ನಿಂತಿರೋ ಗಾಡಿಗಳನ್ನ ಒಂದು ಸುತ್ತು ನೋಡಿ. ಶೋರೂಮ್ ವಾಸನೆ ಹೋಗದ ಕಾರುಗಳ ಪಕ್ಕದಲ್ಲೇ ಮಾರುತಿ 800, ಓಮ್ನಿ, ಹಳೇ ಜೀಪು, ಟೆಂಪೋ. ಮಾರುತಿ 800 ಬಂದಿದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಓಮ್ನಿ 2019ರಲ್ಲಿ ನಿಂತಿತು. ಆದರೆ ನಮ್ಮ ರಸ್ತೆಗಳಲ್ಲಿ ಅವು ಇನ್ನೂ ನಿಂತಿಲ್ಲ. ತೋಟದಿಂದ ತೆಂಗಿನಕಾಯಿ ತರೋದು, ಮಕ್ಕಳನ್ನ ಸ್ಕೂಲಿಗೆ ಬಿಡೋದು, ರಾತ್ರಿ ಹೊತ್ತಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದ್ರೆ ಹಾಸನಕ್ಕೆ ಕರ್ಕೊಂಡು ಹೋಗೋದು, ಎಲ್ಲಾ ಇವೇ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಳಿದು ಜಾವಗಲ್ ಮೇಲೆ ಹಳೇಬೀಡು, ಬೇಲೂರು ನೋಡೋಕೆ ಹೊರಟವರನ್ನ ಕೂರಿಸಿಕೊಂಡು ಹೋಗಿ ಜೀವನ ಮಾಡೋ ಡ್ರೈವರ್‌ಗೆ ಗಾಡಿ ಹದಿನೈದು ದಿನ ನಿಂತರೆ ಮನೆ ಖರ್ಚೇ ನಿಂತಂಗೆ.

ಇದರ ಮೇಲೆ ಸರ್ಕಾರದ ಲೆಕ್ಕ ಬೇರೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದು 10,000 ಆಯಿತು. ಅಷ್ಟು ಕಟ್ಟಿ ಗಾಡಿ ಉಳಿಸಿಕೊಳ್ಳೋದಾ, ಬಿಡೋದಾ ಅಂತ ತೀರ್ಮಾನ ಮಾಡಬೇಕಾದವನಿಗೆ ಮೊದಲು ಬೇಕಾಗಿರೋದು ತನ್ನ ಇಂಜಿನ್ನಿನ ನಿಜವಾದ ಸ್ಥಿತಿ. ಹೊಗೆ ನೋಡಿ ಹೇಳಿದ ಭವಿಷ್ಯ ಅವನಿಗೆ ಪ್ರಯೋಜನಕ್ಕೆ ಬರಲ್ಲ.

ಎಷ್ಟು ಸವೆದರೆ ಎಷ್ಟು ಆಯಿಲ್?

ಒಂದು ಲೆಕ್ಕ ಮಾಡೋಣ, ನಮ್ಮ ಓದಿಗೂ ಸ್ವಲ್ಪ ಕೆಲಸ ಸಿಗಲಿ. ಮಾರುತಿ 800ರ ಹಳೇ ಕಾರ್ಬ್ಯುರೇಟರ್ ಇಂಜಿನ್ 796 ಸಿಸಿ. ಮೂರು ಸಿಲಿಂಡರ್, ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಲೆಕ್ಕ ಸುಲಭ ಆಗಲಿ ಅಂತ ಗಂಟೆಗೆ 60 ಕಿ.ಮೀ. ವೇಗದಲ್ಲಿ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತೆ ಅಂತ ಇಟ್ಕೊಳ್ಳಿ. ಅಂದ್ರೆ ಕಿಲೋಮೀಟರಿಗೆ 3000 ಸುತ್ತು, ಸಾವಿರ ಕಿಲೋಮೀಟರಿಗೆ 30 ಲಕ್ಷ ಸುತ್ತು. ಮೂರು ಪಿಸ್ಟನ್ ಸೇರಿ 90 ಲಕ್ಷ ಸಲ ಕೆಳಗೆ ಇಳಿದಿವೆ. ಈ ಗಾಡಿ ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಸುಡ್ತಿದೆ ಅಂದ್ರೆ, ಪಿಸ್ಟನ್ ಒಂದು ಸಲ ಇಳಿದಾಗ ಕಳೆದುಹೋಗೋದು 0.11 ಘನ ಮಿಲಿಮೀಟರ್. ಅದನ್ನ ಸಿಲಿಂಡರ್ ಗೋಡೆಯ ವಿಸ್ತೀರ್ಣಕ್ಕೆ ಹಂಚಿದರೆ ಪದರದ ದಪ್ಪ ಸುಮಾರು 7 ನ್ಯಾನೋಮೀಟರ್. ತಲೆಕೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು!

ಇದರಿಂದ ಎರಡು ವಿಷಯ ತಿಳಿಯುತ್ತೆ. ಒಂದು, ಎಂಥ ಹೊಸ ಇಂಜಿನ್ ಆದರೂ ಒಂಚೂರು ಆಯಿಲ್ ತಿನ್ನದೆ ಇರೋದಿಲ್ಲ. ಗೋಡೆ ಮೇಲೆ ಆಯಿಲ್ ಪದರ ಇರಲೇಬೇಕು, ಬೆಂಕಿಗೆ ಸಿಕ್ಕಿದ್ದು ಸುಡಲೇಬೇಕು. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ತನಕ ಹೋದರೂ ಸಹಿಸಬಹುದು ಅಂತ ಕೆಲವು ಕಾರು ಕಂಪನಿಗಳ ಕೈಪಿಡಿಯಲ್ಲೇ ಬರೆದಿರುತ್ತೆ. ಎರಡು, ಇಷ್ಟು ತೆಳು ಪದರದ ಹೆಚ್ಚುಕಮ್ಮಿಯನ್ನ ಹೊಗೆಯ ಬಣ್ಣ ನೋಡಿ ಕಣ್ಣಂದಾಜಿನಲ್ಲಿ ಅಳೆಯೋಕೆ ಆಗಲ್ಲ. ಹೊಗೆ ‘ಏನೋ ಇದೆ’ ಅಂತ ಹೇಳುತ್ತೆ, ‘ಎಷ್ಟು’ ಮತ್ತು ‘ಎಲ್ಲಿಂದ’ ಅಂತ ಹೇಳಲ್ಲ.

ಆಯಿಲ್ ಹೋಗೋಕೆ ದಾರಿ ಮುಖ್ಯವಾಗಿ ನಾಲ್ಕು. ಹೊರಗೆ ಸೋರಬಹುದು. ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಹೋಗಿ ಸುಡಬಹುದು. ವಾಲ್ವ್ ಗೈಡ್‌ನ ರಬ್ಬರ್ ಸೀಲ್ ಗಟ್ಟಿಯಾಗಿ, ಮೇಲಿಂದ ಕೆಳಕ್ಕೆ ಇಳಿಯಬಹುದು. ಇಲ್ಲಾ ರಿಂಗ್, ಬೋರ್ ಸವೆದು ಕೆಳಗಿಂದ ಮೇಲಕ್ಕೆ ಹತ್ತಬಹುದು. ನಾಲ್ಕರಲ್ಲಿ ಒಂದಕ್ಕೆ ಮಾತ್ರ ರೀಬೋರ್ ಬೇಕು. ಉಳಿದ ಮೂರು ಗ್ಯಾಸ್ಕೆಟ್, ಪೈಪು, ಸೀಲ್‌ಗಳ ರಿಪೇರಿ.

ಮೊದಲ ಉಪಕರಣ ನೋಟ್‌ಬುಕ್ಕು

ಅಳೆಯೋದು ಅಂದ ತಕ್ಷಣ ದೊಡ್ಡ ಮೆಷೀನು ಬೇಕು ಅಂದ್ಕೋಬೇಡಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ, ಸಮತಟ್ಟಾದ ಒಂದೇ ಜಾಗದಲ್ಲಿ, ಡಿಪ್‌ಸ್ಟಿಕ್ ತೆಗೆದು ಒರೆಸಿ ನೋಡಿ. ಮೇಲಿನ ಗುರುತಿನ ತನಕ ತುಂಬಿ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದ ಆಯಿಲನ್ನ ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತೆ, ಅದೂ ಸುಡೋಕೆ ದಾರಿ ಮಾಡುತ್ತೆ. ಮೀಟರ್ ರೀಡಿಂಗ್ ಬರೆದಿಡಿ. ಆಮೇಲೆ ಟಾಪ್ ಅಪ್ ಮಾಡುವಾಗೆಲ್ಲ ಅಳತೆ ಗುರುತಿರೋ ಬಾಟಲಿಯಲ್ಲಿ ಹಾಕಿ, ಎಷ್ಟು ಮಿಲಿಲೀಟರ್ ಅಂತ ಬರೆಯಿರಿ. ಸಾವಿರ ಕಿಲೋಮೀಟರ್ ಆದ ಮೇಲೆ ಕೂಡಿಸಿ. ಅಷ್ಟೇ.

ಇದರಲ್ಲೂ ಒಂದು ಮೋಸ ಇದೆ. ಬರೀ ಸಂತೆಗೆ, ಬಸ್ ಸ್ಟ್ಯಾಂಡಿಗೆ ಅಂತ ಎರಡು ಮೂರು ಕಿಲೋಮೀಟರ್ ಓಡೋ ಗಾಡಿಯಲ್ಲಿ ಇಂಜಿನ್ ಪೂರ್ತಿ ಕಾಯೋದೇ ಇಲ್ಲ. ಸುಡದ ಪೆಟ್ರೋಲ್ ಸ್ವಲ್ಪ ಸ್ವಲ್ಪ ಸಂಪಿಗೆ ಇಳಿದು ಆಯಿಲ್ ಜೊತೆ ಸೇರುತ್ತೆ. ಮಟ್ಟ ಕಮ್ಮಿಯಾದಂಗೆ ಕಾಣೋದೇ ಇಲ್ಲ. ಒಂದು ದಿನ ಧರ್ಮಸ್ಥಳಕ್ಕೆ ಅಂತ ಹೊರಟರೆ ಬಿಸಿಗೆ ಆ ಪೆಟ್ರೋಲೆಲ್ಲ ಆವಿಯಾಗಿ, ವಾಪಸ್ ಬರೋ ಹೊತ್ತಿಗೆ ಆಯಿಲ್ ದಿಢೀರ್ ಅಂತ ಇಳಿದಿರುತ್ತೆ. “ಒಂದೇ ಟ್ರಿಪ್ಪಿಗೆ ಇಷ್ಟು ಕುಡೀತು, ಬೋರಿಗೆ ಬಂದೈತೆ” ಅಂತ ಗಾಬರಿ ಬೀಳ್ತಾರೆ. ಅದಕ್ಕೇ ಒಂದು ಟ್ರಿಪ್ಪಿನ ಲೆಕ್ಕ ಸಾಲದು, ಊರೊಳಗೂ ಹೊರಗೂ ಓಡಿಸಿದ ಸಾವಿರ ಕಿಲೋಮೀಟರಿನ ಲೆಕ್ಕ ಬೇಕು.

ಓಮ್ನಿ ಇಟ್ಕೊಂಡಿರೋರಿಗೆ ಇನ್ನೊಂದು ಮಾತು. ಅದರ ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ ಆಯಿಲ್ ನೋಡೋಕೆ ಬೇಜಾರಾಗಿ ತಿಂಗಳುಗಟ್ಟಲೆ ನೋಡದೇ ಇರೋರು ಬಹಳ ಜನ. ಹಳೇ ಇಂಜಿನ್ ಆಯಿಲ್ ತಿಂದು ಸಾಯಲ್ಲ. ತಿಂದದ್ದನ್ನ ಯಾರೂ ಗಮನಿಸದೆ, ಆಯಿಲ್ ಕಮ್ಮಿಯಾದಾಗಲೂ ಓಡಿಸಿದ್ದಕ್ಕೆ ಸಾಯುತ್ತೆ. ಸಂಪಿನಲ್ಲಿರೋದೇ ಮೂರು ಲೀಟರಿನ ಆಸುಪಾಸು. ಅದರಲ್ಲಿ ಒಂದೂವರೆ ಹೋದರೆ ತಿರುವಿನಲ್ಲಿ ಪಂಪ್ ಗಾಳಿ ಎಳೆಯುತ್ತೆ, ಬೇರಿಂಗ್ ಹೋಗುತ್ತೆ. ಇಂಜಿನ್ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ ಮಿಣುಕಿದರೆ ಅದು ಹೊಗೆಗಿಂತ ದೊಡ್ಡ ಎಚ್ಚರಿಕೆ. ಅಲ್ಲೇ ನಿಲ್ಲಿಸಿ.

ಸೋರಿಕೆ ಹುಡುಕೋಕೆ ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿದರೆ ಸಾಕು. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಕ್ರ್ಯಾಂಕಿನ ಮುಂದಿನ ಹಿಂದಿನ ಆಯಿಲ್ ಸೀಲ್, ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿನ ವಾಷರ್, ಇವೇ ಮಾಮೂಲಿ ಜಾಗಗಳು. ಓಡುವಾಗ ಮಾತ್ರ ಸೋರೋ ಸೀಲುಗಳೂ ಇವೆ. ಅದಕ್ಕೆ ಇಂಜಿನ್ನಿನ ಹೊರಮೈಯನ್ನ ತೊಳೆದು ಒಣಗಿಸಿ, ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಬೇಕು. ಬ್ರೀದರ್ ಪೈಪ್ ಕೈಯಲ್ಲಿ ಹಿಸುಕಿ ನೋಡಿ: ಒಳಗೆ ಕಪ್ಪು ಗಸಿ ಕಟ್ಟಿಕೊಂಡಿದ್ದರೆ ಕ್ರ್ಯಾಂಕ್‌ಕೇಸಿನ ಒತ್ತಡ ಹೊರಗೆ ಹೋಗೋಕೆ ಜಾಗ ಇರಲ್ಲ, ಆಗ ಒಳ್ಳೇ ಸೀಲ್‌ಗಳೂ ಸೋರೋಕೆ ಶುರು ಮಾಡ್ತವೆ. ಏರ್ ಫಿಲ್ಟರ್ ಡಬ್ಬಿಯೊಳಗೆ ಆಯಿಲ್ ನಿಂತಿದ್ದರೆ ಅದೂ ಇದೇ ಕಡೆ ಬೊಟ್ಟು ಮಾಡುತ್ತೆ. ಇವನ್ನೆಲ್ಲ ನೋಡೋಕೆ ಒಂದು ರೂಪಾಯಿ ಖರ್ಚಿಲ್ಲ.

ಹೊಗೆಯನ್ನ ಓದೋದು ಹೇಗೆ

ನೀಲಿ ಹೊಗೆ ಆಯಿಲ್‌ನದು, ಕಪ್ಪು ಹೊಗೆ ಹೆಚ್ಚಾದ ಪೆಟ್ರೋಲಿನದು, ನಿಲ್ಲದೆ ಬರೋ ದಟ್ಟ ಬಿಳಿ ಹೊಗೆ ಒಳಗೆ ಸೇರ್ತಿರೋ ಕೂಲೆಂಟಿನದು. ಚಳಿಗಾಲದ ಬೆಳಿಗ್ಗೆ ಎರಡು ನಿಮಿಷ ಬಂದು ಹೋಗೋ ಬಿಳಿ ಆವಿ ಬರೀ ನೀರು, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಬಣ್ಣಕ್ಕಿಂತ ಮುಖ್ಯ, ಹೊಗೆ ಯಾವಾಗ ಬರುತ್ತೆ ಅನ್ನೋದು.

ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ಬುಸ್ ಅಂತ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲ್ ಮೇಲೆ ಅನುಮಾನ ಪಡಿ. ರಾತ್ರಿ ಗೈಡ್‌ನಿಂದ ತೊಟ್ಟಿಕ್ಕಿದ ಆಯಿಲ್ ಬೆಳಿಗ್ಗೆ ಸುಡುತ್ತೆ. ಲೋಡ್ ಹಾಕಿ ಏರು ಹತ್ತುವಾಗ ಎಡೆಬಿಡದೆ ಹೊಗೆ ಬರ್ತಿದ್ದರೆ ರಿಂಗ್ ಮೇಲೆ ಅನುಮಾನ. ಇದಕ್ಕೆ ಬೇಲೂರಿನಿಂದ ಮೂಡಿಗೆರೆ ದಾಟಿ ಚಾರ್ಮಾಡಿ ಇಳಿಯೋ ದಾರಿಗಿಂತ ಒಳ್ಳೇ ಪ್ರಯೋಗಶಾಲೆ ಇಲ್ಲ. ಸರಿಯಾಗಿ ಡ್ರೈವ್ ಮಾಡೋರು ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳೀತಾರೆ. ಥ್ರಾಟಲ್ ಮುಚ್ಚಿ ಇಂಜಿನ್ ಜೋರಾಗಿ ತಿರುಗುವಾಗ ಇನ್‌ಟೇಕ್ ಪೈಪಿನಲ್ಲಿ ನಿರ್ವಾತ ಹೆಚ್ಚಾಗುತ್ತೆ, ಸವೆದ ಗೈಡ್‌ನಿಂದ ಆಯಿಲ್ ಎಳ್ಕೊಳ್ಳುತ್ತೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಮೋಡ. ಹಿಂದಿನ ಗಾಡಿಯಲ್ಲಿ ಸ್ನೇಹಿತರೊಬ್ಬರನ್ನ ಕೂರಿಸಿ ನೋಡೋಕೆ ಹೇಳಿ.

ಆದರೆ ಇಲ್ಲೂ ಅವಸರ ಬೇಡ. ಅದೇ ನಿರ್ವಾತ ಸಿಲಿಂಡರಿನೊಳಗೂ ಇರುತ್ತೆ, ಸಡಿಲವಾದ ಆಯಿಲ್ ರಿಂಗ್ ದಾಟಿ ಕೆಳಗಿನಿಂದಲೂ ಆಯಿಲ್ ಬರಬಹುದು. ಹಾಗಾಗಿ ಹೊಗೆ ಒಂದು ಸಾಕ್ಷಿ, ತೀರ್ಪು ಅಲ್ಲ. ಒಂದು ಸಾಕ್ಷಿ ಮೇಲೆ ಯಾವ ಕೋರ್ಟೂ ಗಲ್ಲಿಗೆ ಹಾಕಲ್ಲ, ಇಂಜಿನ್ ಮಾತ್ರ ಯಾಕೆ ಬಲಿಯಾಗಬೇಕು?

ಗೇಜ್ ಏನು ಹೇಳುತ್ತೆ, ಏನು ಹೇಳಲ್ಲ

ಕಂಪ್ರೆಷನ್ ಗೇಜ್ ದುಬಾರಿ ಸಾಮಾನೇನಲ್ಲ. ಇಂಜಿನ್ ಬಿಸಿ ಇರಬೇಕು. ಇಗ್ನಿಷನ್ ಕಾಯಿಲ್ ಕನೆಕ್ಷನ್ ತೆಗೆದು, ಪೆಟ್ರೋಲ್ ಬಂದ್ ಮಾಡಿ, ಎಲ್ಲಾ ಪ್ಲಗ್ ಬಿಚ್ಚಬೇಕು. ಬಿಚ್ಚಿದ ಪ್ಲಗ್‌ಗಳನ್ನ ಸಿಲಿಂಡರಿನ ಕ್ರಮದಲ್ಲೇ ಜೋಡಿಸಿ ನೋಡಿ: ಒಂದೇ ಪ್ಲಗ್ ಆಯಿಲ್‌ನಲ್ಲಿ ಒದ್ದೆಯಾಗಿದ್ದರೆ ಕಾಯಿಲೆ ಆ ಒಂದು ಸಿಲಿಂಡರಿನದು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರಿಗೆ ಗೇಜ್ ಹಾಕಿ ಐದಾರು ಸುತ್ತು ಸೆಲ್ಫ್ ಹೊಡೀಬೇಕು. ಥ್ರಾಟಲ್ ತೆರೆಯದೆ ಟೆಸ್ಟ್ ಮಾಡಿದರೆ ಗಾಳಿಯೇ ಒಳಗೆ ಹೋಗಲ್ಲ, ಚೆನ್ನಾಗಿರೋ ಇಂಜಿನ್ನೂ ಸತ್ತಂಗೆ ಕಾಣುತ್ತೆ. ಡೌನ್ ಆದ ಬ್ಯಾಟರಿಯಲ್ಲಿ ಮಾಡಿದರೂ ಅಷ್ಟೇ.

ಬಂದ ಅಂಕಿಯನ್ನ ಬರೆದುಕೊಳ್ಳಿ. ಆಮೇಲೆ ಒಂದು ಟೀ ಚಮಚದಷ್ಟು ಇಂಜಿನ್ ಆಯಿಲನ್ನ ಪ್ಲಗ್ ತೂತಿನಿಂದ ಹಾಕಿ ಮತ್ತೆ ಅಳೆಯಿರಿ. ರೀಡಿಂಗ್ ಚೆನ್ನಾಗಿ ಏರಿದರೆ ಸೋರಿಕೆ ರಿಂಗ್, ಬೋರಿನ ಕಡೆ. ಹಾಕಿದ ಆಯಿಲ್ ಆ ಸಂದನ್ನ ತಾತ್ಕಾಲಿಕವಾಗಿ ಮುಚ್ಚಿದೆ ಅಂತ ಅರ್ಥ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಪಕ್ಕ ಪಕ್ಕದ ಎರಡು ಸಿಲಿಂಡರ್ ಮಾತ್ರ ಕಮ್ಮಿ ಇದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ.

ನಮ್ಮ ಊರಿಗೇ ಸಂಬಂಧಪಟ್ಟ ಒಂದು ಮಾತು ಇಲ್ಲಿದೆ, ಇದನ್ನ ಹೇಳೋರು ಕಮ್ಮಿ. ಅರಸೀಕೆರೆ ಇರೋದು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ, ಬೇಲೂರು ಇನ್ನೂ ಎತ್ತರ. 800 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 9 ಶೇಕಡ ಕಮ್ಮಿ. ಒಳಗೆ ಹೋಗೋ ಗಾಳಿಯೇ ಕಮ್ಮಿ ಅಂದ ಮೇಲೆ ಕಂಪ್ರೆಷನ್ನೂ ಅಷ್ಟೇ ಕಮ್ಮಿ. ಸಮುದ್ರಮಟ್ಟದಲ್ಲಿ 12 ಕೆ.ಜಿ. ತೋರಿಸೋ ಇಂಜಿನ್ ನಮ್ಮಲ್ಲಿ 11ರ ಆಸುಪಾಸು ತೋರಿಸಿದರೆ ಅದಕ್ಕೆ ಏನೂ ಆಗಿಲ್ಲ. ಮಂಗಳೂರಿನಲ್ಲಿ ಪಾಸಾಗೋ ಇಂಜಿನ್ನನ್ನ ಬೇಲೂರಿನಲ್ಲಿ ಫೇಲ್ ಮಾಡೋದು ನ್ಯಾಯವಲ್ಲ. ಅದಕ್ಕೇ ಪುಸ್ತಕದ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಬೆಲೆ ಕೊಡಿ. 11, 10.8, 11 ಅಂತ ಬಂದರೆ ಮೂರೂ ಒಂದೇ ಸಮ ಇವೆ. 11, 7.5, 11 ಅಂತ ಬಂದರೆ ನಡುವಿನದಕ್ಕೆ ಕಾಯಿಲೆ.

ಗೇಜ್ ಹೇಳದೇ ಇರೋದೂ ಒಂದಿದೆ, ಅದನ್ನ ಮುಚ್ಚಿಟ್ಟರೆ ನನ್ನ ವಾದ ಅರ್ಧ ಸುಳ್ಳಾಗುತ್ತೆ. ಪಿಸ್ಟನ್ನಿನಲ್ಲಿ ಮೇಲಿನ ಎರಡು ಕಂಪ್ರೆಷನ್ ರಿಂಗ್, ಕೆಳಗಿನದು ಆಯಿಲ್ ರಿಂಗ್. ಗೋಡೆಯ ಆಯಿಲ್ ಕೆರೆದು ಕೆಳಗೆ ಕಳಿಸೋ ಮುಖ್ಯ ಕೆಲಸ ಆ ಕೆಳಗಿನದರದು. ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ ಗಾಡಿಯಲ್ಲಿ ಅದು ಮಸಿ ಕಟ್ಟಿ ತನ್ನ ಗಾಡಿಯಲ್ಲೇ, ಅಂದ್ರೆ ಪಿಸ್ಟನ್ನಿನ ತೋಡಿನಲ್ಲೇ, ಅಂಟಿಕೊಂಡು ಬಿಡುತ್ತೆ. ಆಗ ಕಂಪ್ರೆಷನ್ ಚೆನ್ನಾಗೇ ಇರುತ್ತೆ, ಆಯಿಲ್ ಮಾತ್ರ ಸುಡ್ತಾನೇ ಇರುತ್ತೆ. ಹಾಗಾಗಿ ‘ಕಂಪ್ರೆಷನ್ ಸರಿ ಇದೆ, ರಿಂಗ್ ಸರಿ ಇದೆ’ ಅಂತ ಹೇಳೋಕೆ ಬರಲ್ಲ. ಆದರೆ ಕಂಪ್ರೆಷನ್ ಸರಿ ಇದೆ ಅಂದ್ರೆ ‘ಬೋರ್ ಹೋಗೈತೆ’ ಅನ್ನೋ ಮಾತಿಗೆ ಆಧಾರ ಬಹಳ ಕಮ್ಮಿಯಾಯ್ತು. ರಿಂಗ್ ಬದಲಿಸೋದು ಬೇರೆ, ಬೋರ್ ಕೊರೆಸೋದು ಬೇರೆ.

ಇನ್ನೂ ಅನುಮಾನ ಉಳಿದರೆ ಲೀಕ್ ಟೆಸ್ಟ್. ಪಿಸ್ಟನ್ನನ್ನ ಮೇಲಿನ ತುದಿಗೆ, ಎರಡೂ ವಾಲ್ವ್ ಮುಚ್ಚಿರೋ ಸ್ಥಿತಿಗೆ ತಂದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡೋದು. ಆಯಿಲ್ ಹಾಕೋ ಮುಚ್ಚಳದ ಹತ್ತಿರ ಸುಯ್ ಅಂದರೆ ರಿಂಗ್, ಸೈಲೆನ್ಸರ್‌ನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್‌ನಲ್ಲಿ ಅಂದರೆ ಇನ್‌ಟೇಕ್ ವಾಲ್ವ್. ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದಿಟ್ಟುಕೊಂಡು, ನೀರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಪಂಕ್ಚರ್ ಅಂಗಡಿಯ ಕಂಪ್ರೆಸರ್ರೂ ಒಂದು ಅಡಾಪ್ಟರ್ರೂ ಇದ್ದರೆ ಆಗುತ್ತೆ. ಗಾಳಿ ಬಿಟ್ಟಾಗ ಕ್ರ್ಯಾಂಕ್ ತಟ್ಟನೆ ತಿರುಗಬಹುದು, ಫ್ಯಾನ್ ಬೆಲ್ಟಿನ ಹತ್ತಿರ ಕೈ ಇಡಬೇಡಿ.

ಬಿಚ್ಚಿದ ಮೇಲೂ ಅಳತೆ

ಇಷ್ಟಾದ ಮೇಲೆ ಬಿಚ್ಚಲೇಬೇಕು ಅಂತ ಬಂದರೆ ಬಿಚ್ಚಿ. ನಾನು ರೀಬೋರ್ ವಿರೋಧಿ ಅಲ್ಲ. ಆದರೆ ಬಿಚ್ಚಿದ ಇಂಜಿನ್ನನ್ನ ನೇರ ಲೇತ್‌ಗೆ ಕಳಿಸಬೇಡಿ. ಬೋರ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಸಿ, ಚೀಟಿ ಬರೆಸಿಕೊಳ್ಳಿ. ಬೋರ್ ಹೆಚ್ಚು ಸವೆಯೋದು ಮೇಲಿನ ರಿಂಗ್ ನಿಂತು ಹಿಂತಿರುಗೋ ಜಾಗದಲ್ಲಿ. ಅಲ್ಲಿ ಪಿಸ್ಟನ್ ವೇಗ ಸೊನ್ನೆ, ಬಿಸಿ ಮತ್ತು ಒತ್ತಡ ಅತಿ ಹೆಚ್ಚು, ಆಯಿಲ್ ಪದರ ಅತಿ ತೆಳು. ಬೆರಳಲ್ಲಿ ಸವರಿದರೆ ಸವೆದ ಬೋರಿನಲ್ಲಿ ಮೇಲೆ ಒಂದು ಅಂಚು ಸಿಗುತ್ತೆ.

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಲೇತ್‌ನಂಥ ಯಂತ್ರದಲ್ಲಿ ತಿರುಗಿಸಿ ಕಡೆದ ಕಂಬಗಳನ್ನ ನೀವೆಲ್ಲ ನೋಡಿದ್ದೀರ. 1117ರ ಕೆಲಸ. ಆ ಕಂಬದ ಸುತ್ತಲಿನ ಬಳೆಬಳೆ ಗೆರೆಗಳನ್ನ ನೋಡಿ, ಅದನ್ನ ಹೇಗೆ ಮಾಡಿರಬಹುದು ಅಂತ ನಾವು ಇವತ್ತೂ ಓದ್ತೀವಿ. ಸಿಲಿಂಡರ್ ಗೋಡೆ ಮೇಲೂ ಹಾಗೇ ಗೆರೆ ಇರುತ್ತೆ: ಫ್ಯಾಕ್ಟರಿಯಲ್ಲಿ ಹೋನಿಂಗ್ ಮಾಡಿದಾಗ ಬಿದ್ದ ಅಡ್ಡಡ್ಡ ಗೆರೆಗಳು, ಆಯಿಲ್ ಹಿಡಿದಿಟ್ಟುಕೊಳ್ಳೋಕೆ ಬೇಕಂತಲೇ ಹಾಕಿದ್ದು. ಹೆಡ್ ಬಿಚ್ಚಿದಾಗ ಅವು ಇನ್ನೂ ಸ್ಪಷ್ಟವಾಗಿ ಕಾಣ್ತಿದ್ದರೆ, ಅಳತೆಯೂ ಮಿತಿಯೊಳಗೆ ಇದ್ದರೆ, ಆ ಬೋರನ್ನ ಕೊರೆಸೋದು ಅನ್ಯಾಯ. ಯಾಕಂದ್ರೆ ರೀಬೋರ್ ಎಷ್ಟು ಸಲ ಬೇಕಾದರೂ ಮಾಡಿಸೋ ಕೆಲಸ ಅಲ್ಲ. ಓವರ್‌ಸೈಜ್ ಪಿಸ್ಟನ್ ಸಿಗೋದು ಸಾಮಾನ್ಯವಾಗಿ 0.25, 0.50 ಮಿ.ಮೀ. ಹೀಗೆ ಒಂದೆರಡು ಮೆಟ್ಟಿಲಿನಲ್ಲಿ. ಸುಮ್ಮಸುಮ್ಮನೆ ಒಂದು ಮೆಟ್ಟಿಲು ಹತ್ತಿದರೆ ಆ ಬ್ಲಾಕಿನ ಆಯುಷ್ಯದಲ್ಲಿ ಅಷ್ಟು ಕಳೆದಂಗೆ.

ಬೋರ್ ಯಾಕೆ ಸವೀತು ಅನ್ನೋದನ್ನೂ ಕೇಳಬೇಕು. ತೋಟದ ದಾರಿ, ಕೆರೆ ಏರಿ, ಬೇಸಿಗೆಯ ಮಣ್ಣು ರಸ್ತೆ, ಇಲ್ಲಿ ಇಂಜಿನ್ನಿನ ದೊಡ್ಡ ಶತ್ರು ಧೂಳು. ಹರಿದ ಏರ್ ಫಿಲ್ಟರ್, ಸರಿಯಾಗಿ ಕೂರದ ಡಬ್ಬಿ ಮುಚ್ಚಳ, ಬಿರುಕು ಬಿಟ್ಟ ಪೈಪು, ಇವುಗಳಿಂದ ಒಳಗೆ ಹೋದ ಮರಳಿನ ಪುಡಿ ಆಯಿಲ್ ಜೊತೆ ಸೇರಿ ಉಜ್ಜೋ ಪೇಸ್ಟ್ ಆಗುತ್ತೆ. ಆ ಫಿಲ್ಟರನ್ನ ಹಾಗೇ ಬಿಟ್ಟು ಹೊಸ ಬೋರ್ ಮಾಡಿಸಿದರೆ, ಹೊಸ ಬೋರೂ ಅದೇ ದಾರಿ ಹಿಡಿಯುತ್ತೆ.

“ಕಿವಿಯಲ್ಲೇ ಹೇಳ್ತೀನಿ” ಅನ್ನೋರಿಗೆ

ಇದಕ್ಕೆ ಬರೋ ಮೊದಲ ಆಕ್ಷೇಪ: “ಮೂವತ್ತು ವರ್ಷದ ಅನುಭವ ಐತೆ, ಶಬ್ದ ಕೇಳಿದ್ರೆ ಗೊತ್ತಾಗುತ್ತೆ, ನಿಮ್ಮ ಗೇಜ್ ಯಾಕೆ?” ಆ ಅನುಭವಕ್ಕೆ ನಾನು ನಿಜವಾಗಲೂ ಕೈ ಮುಗೀತೀನಿ. ಬೇರಿಂಗ್ ಸದ್ದು, ಟ್ಯಾಪೆಟ್ ಸದ್ದು ಬೇರೆ ಮಾಡಿ ಹೇಳೋದು ನಮ್ಮ ಸೆಮಿಸ್ಟರ್ ಪರೀಕ್ಷೆಗಿಂತ ಕಷ್ಟ. ಆದರೆ ಗಿರಾಕಿಗೆ ಆ ಕಿವಿ ಇಲ್ಲ. ಗೇಜಿನ ಅಂಕಿ ಇಬ್ಬರಿಗೂ ಕಾಣುತ್ತೆ. ನುರಿತ ಮೆಕ್ಯಾನಿಕ್‌ಗೆ ಗೇಜ್ ಅವಮಾನ ಅಲ್ಲ, ಅವರ ಮಾತಿಗೆ ಅದೇ ಜಾಮೀನು. ಡಾಕ್ಟರ್ ನಾಡಿ ಹಿಡಿದು ನೋಡಿದ ಮೇಲೂ ಬ್ಲಡ್ ಟೆಸ್ಟ್ ಬರೀತಾರಲ್ಲ, ಹಾಗೆ.

ಎರಡನೇ ಆಕ್ಷೇಪ: “ಇಷ್ಟು ಹಳೇ ಗಾಡಿಗೆ ಇಷ್ಟೆಲ್ಲ ಯಾಕೆ? ಗುಜರಿಗೆ ಹಾಕಿ.” ಆಯಿಲ್ ಸುಡೋ ಗಾಡಿ ಗಾಳಿ ಕೆಡಿಸುತ್ತೆ ಅನ್ನೋದು ನಿಜ. ಕ್ಯಾಟಲಿಟಿಕ್ ಕನ್ವರ್ಟರ್ ಇರೋ ಗಾಡಿಯಲ್ಲಿ ಆಯಿಲಿನ ರಂಜಕ ಅದನ್ನೂ ನಿಧಾನವಾಗಿ ಹಾಳು ಮಾಡುತ್ತೆ. ಆದರೆ ಗುಜರಿಗೆ ಹಾಕೋ ತೀರ್ಮಾನಕ್ಕೂ ಅಳತೆಯೇ ಬೇಕು. ಬರೀ ಸೀಲ್ ಬದಲಿಸಿದರೆ ಹೊಗೆ ನಿಲ್ಲೋ ಗಾಡಿಯನ್ನ ಗುಜರಿಗೆ ಹಾಕಿ ಸಾಲ ಮಾಡಿ ಇನ್ನೊಂದು ತಗೊಳ್ಳೋದು ಒಂದು ಮನೆಗೆ ಚಿಕ್ಕ ವಿಷಯ ಅಲ್ಲ. ಅದೇ ಮೂರೂ ಸಿಲಿಂಡರ್ ಮಲಗಿರೋ, ಆಯಿಲ್ ಲೈಟ್ ಮಿಣುಕೋ ಗಾಡಿಗೆ 10,000 ಕಟ್ಟಿ ನೋಂದಣಿ ಮಾಡಿಸೋದೂ ಬುದ್ಧಿವಂತಿಕೆ ಅಲ್ಲ. ಅಳತೆ ಎರಡು ಕಡೆಯೂ ಕೆಲಸ ಮಾಡುತ್ತೆ.

ಇನ್ನೊಂದು ಕೊಳಕು ಕೆಲಸವೂ ನಡೆಯುತ್ತೆ, ಅದನ್ನೂ ಹೇಳಲೇಬೇಕು. ಬೋರ್ ನಿಜವಾಗಲೂ ಹೋದ ಗಾಡಿಗೆ ಗಟ್ಟಿ ಆಯಿಲ್, ಮೇಲೆ ಒಂದು ಡಬ್ಬಿ ಅಂಟು ಅಂಟಾದ ಅಡಿಟಿವ್ ಸುರಿದು, ಹೊಗೆ ಒಂದು ವಾರ ಅಡಗಿಸಿ, ಇಂಜಿನ್ ಬಿಸಿ ಮಾಡಿಟ್ಟು ಗಿರಾಕಿಗೆ ತೋರಿಸೋದು. ಕೊಳ್ಳೋದು ಯಾರು? ಮೊದಲ ಸಲ ಕಾರು ತಗೊಳ್ತಿರೋ ಒಬ್ಬ ರೈತ, ಇಲ್ಲಾ ಹೊಸದಾಗಿ ಟ್ಯಾಕ್ಸಿಗೆ ಇಳಿಯೋ ಹುಡುಗ. ಹಾಗಾಗಿ ಹಳೇ ಗಾಡಿ ನೋಡೋಕೆ ಹೋದರೆ ಮುಂಜಾನೆ, ತಣ್ಣಗಿನ ಇಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ ನೋಡಿ. ಬಾನೆಟ್ ಮೇಲೆ ಕೈ ಇಟ್ಟು, ಬೆಚ್ಚಗಿದ್ದರೆ “ನಾಳೆ ಬರ್ತೀನಿ” ಅನ್ನಿ. ಕಂಪ್ರೆಷನ್ ಟೆಸ್ಟಿಗೆ ಒಪ್ಪದವರ ಗಾಡಿ ಬೇಡ.

ನಾವೇನು ಮಾಡಬಹುದು?

ಕ್ಲಾಸಿನಲ್ಲಿ ನಾವು ಪಿ-ವಿ ಡಯಾಗ್ರಾಮ್ ಬರೀತೀವಿ, ಮೆಕ್ಯಾನಿಕಲ್ ಎಫಿಶಿಯೆನ್ಸಿ ಲೆಕ್ಕ ಹಾಕ್ತೀವಿ, ಲ್ಯಾಬಿನ ಇಂಜಿನ್ನಿನ ರೀಡಿಂಗ್ ರೆಕಾರ್ಡ್ ಬುಕ್ಕಿಗೆ ಇಳಿಸ್ತೀವಿ. ಆದರೆ ಊರಿಗೆ ಹೋದಾಗ ಪಕ್ಕದ ಮನೆಯವರು “ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲಪ್ಪ, ನಮ್ಮ ಗಾಡಿ ಯಾಕೆ ಹೊಗೆ ಬಿಡ್ತೈತೆ ನೋಡು” ಅಂದರೆ ಉತ್ತರ ಕೊಡೋರು ನಮ್ಮಲ್ಲಿ ಎಷ್ಟು ಜನ? ಅವರ ಪ್ರಶ್ನೆ ನಮ್ಮ ಸಿಲಬಸ್‌ನಿಂದ ಹೊರಗಿನದೇನಲ್ಲ.

ಅದಕ್ಕೇ ಒಂದು ಪ್ರಸ್ತಾಪ. ತಿಂಗಳಿಗೆ ಒಂದು ಶನಿವಾರ, ನಮ್ಮ ಮೆಕ್ಯಾನಿಕಲ್ ವಿಭಾಗದ ಹುಡುಗರು ಹುಡುಗಿಯರು ಊರಿನ ಒಂದೊಂದು ಗ್ಯಾರೇಜಿನ ಜೊತೆ ಕೂತು ಹಳೇ ಗಾಡಿಗಳ ತಪಾಸಣೆ ಮಾಡೋಣ. ಗೇಜ್ ನಮ್ಮದು, ಕೈ ಮೆಕ್ಯಾನಿಕ್‌ನದು, ಬರವಣಿಗೆ ನಮ್ಮದು. ಒಂದು ಪುಟದ ಕನ್ನಡದ ಚೀಟಿ: ಮೀಟರ್ ರೀಡಿಂಗ್, ಸಾವಿರ ಕಿಲೋಮೀಟರಿಗೆ ಆಯಿಲ್, ಪ್ಲಗ್ ಸ್ಥಿತಿ, ಒಣ ಕಂಪ್ರೆಷನ್, ಆಯಿಲ್ ಹಾಕಿದ ಕಂಪ್ರೆಷನ್, ಬ್ರೀದರ್, ಸೋರಿಕೆ, ಏರ್ ಫಿಲ್ಟರ್. ಕೊನೆಯಲ್ಲಿ ಒಂದು ಸಾಲಿನ ಸಲಹೆ. ಆ ಚೀಟಿ ಗಾಡಿ ಮಾಲೀಕರ ಕೈಗೆ. ಬೇರೆ ಗ್ಯಾರೇಜಿಗೆ ಹೋದರೂ ಅದನ್ನ ತೋರಿಸಬಹುದು, ಮುಂದಿನ ವರ್ಷ ಅದರ ಪಕ್ಕದಲ್ಲೇ ಹೊಸ ಅಂಕಿ ಬರೆದು ಎಷ್ಟು ಇಳಿದಿದೆ ಅಂತ ನೋಡಬಹುದು.

ಇದನ್ನ ಪುಕ್ಕಟೆ ಮಾಡಬಾರದು ಅನ್ನೋದು ನನ್ನ ಒತ್ತಾಯ. ಎನ್.ಎಸ್.ಎಸ್. ಕ್ಯಾಂಪಿನ ಹಾಗೆ ಒಂದು ದಿನ ಉಚಿತವಾಗಿ ಮಾಡಿ ಫೋಟೋ ತೆಗೆಸಿಕೊಂಡು ಬಂದರೆ ‘ನೋಡಿದ್ದಕ್ಕೆ ದುಡ್ಡಾ’ ಅನ್ನೋ ಮಾತಿಗೆ ನಾವೇ ಮುದ್ರೆ ಒತ್ತಿದಂಗೆ. ಗಾಡಿಗೆ ಇನ್ನೂರೋ ಮುನ್ನೂರೋ ರೂಪಾಯಿ ಇಡೋಣ, ಅಷ್ಟೂ ದುಡ್ಡು ಮೆಕ್ಯಾನಿಕ್‌ಗೆ ಹೋಗಲಿ. “ಇಂಜಿನ್ ಚೆನ್ನಾಗೈತೆ, ಸೀಲ್ ಒಂದೇ ಹಾಕ್ಸಿ ಸಾಕು” ಅಂತ ನಿಜ ಹೇಳಿದ್ದಕ್ಕೂ ಸಂಜೆ ಅವರ ಜೇಬಿಗೆ ಏನಾದರೂ ಬಿದ್ದರೆ, ಆ ನಿಜ ಮುಂದಿನ ವಾರವೂ ಅವರ ಬಾಯಲ್ಲಿ ಬರುತ್ತೆ.

ಹೊಸ ಸೆಮಿಸ್ಟರ್ ಶುರುವಾದ ಮೇಲೆ ಕನ್ನಡ ಸಂಘದ ಮೀಟಿಂಗಿನಲ್ಲಿ ಈ ಚೀಟಿಯ ಕರಡು ಇಡ್ತೀನಿ. ಮೆಕ್ಯಾನಿಕಲ್‌ನವರು ತಪ್ಪಿದ್ದರೆ ತಿದ್ದಿ, ಬೇರೆ ಬ್ರಾಂಚಿನವರು ಕನ್ನಡ ತಿದ್ದಿ. ಅಷ್ಟರೊಳಗೆ ನಿಮ್ಮ ಮನೆಯಲ್ಲಿ ಹಳೇ ಗಾಡಿ ಇದ್ದರೆ ನಾಳೆ ಬೆಳಿಗ್ಗೆ ಡಿಪ್‌ಸ್ಟಿಕ್ ತೆಗೆದು ನೋಡಿ, ಮೀಟರ್ ರೀಡಿಂಗ್ ಬರೆದಿಡಿ. ಓಮ್ನಿ ಆದರೆ ಸೀಟು ಎತ್ತೋಕೆ ಬೇಜಾರು ಮಾಡ್ಕೋಬೇಡಿ.